ಖಾಲಿ ಐತಿ ನೋಡ್ರಿ

ರಾವಸಾಬರು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರ ನಂಬರು ನನ್ನ ಫೋನಿನಲ್ಲಿ ಆನ್‌ಲೈನ್ ಬಂತು.

ನಾನು ಮಿರಜದಿಂದ ಸಾಂಗಲಿಗೆ ಹೋಗುವ ಶೇರ್ ಆಟೋದಲ್ಲಿ ಕುಳಿತಿದ್ದೆ. ಬೇರೆ ಯಾರದೋ ಮೆಸೇಜು ಹುಡುಕುವಾಗ ಕಣ್ಣಿಗೆ ಬಿತ್ತು ಎಂದು ಹೇಳಬಹುದು, ಆದರೆ ಸುಳ್ಳೇಕೆ? ಅವರ ಚಾಟನ್ನು ನಾನು ದಿನವೂ ತೆರೆಯುತ್ತಿದ್ದೆ. ಹಳದಿ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ಅವರ ಫೋಟೋ, ಹೆಸರು, ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಪದ. ಏಳೆಂಟು ಎಣಿಸುವಷ್ಟು ಹೊತ್ತು ಇತ್ತು, ಆಮೇಲೆ ಹೋಯಿತು.

ಆಟೋ ನಿಂತಿತು. ಡ್ರೈವರ್ ನನ್ನ ಪಕ್ಕದ ಹೆಂಗಸಿಗೆ ಮರಾಠಿಯಲ್ಲಿ, "ಮಾವಶಿ, ಖಾಲೀ ಉತರಾ" ಅಂದ. ಕೆಳಗೆ ಇಳಿಯಿರಿ ಅಂತ. ಅಷ್ಟಕ್ಕೇ ನಾನು ಫೋನನ್ನು ಜೇಬಿಗೆ ತುರುಕಿ ಹೊರಗೆ ನೋಡತೊಡಗಿದೆ.

ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ. ನಮ್ಮ ಕನ್ನಡದಲ್ಲಿ ಖಾಲಿ ಅಂದರೆ ಒಳಗೆ ಏನೂ ಇಲ್ಲದ್ದು. ನಮ್ಮ ಕಡೆ ಎರಡೂ ಭಾಷೆ ಒಂದೇ ಬಾಯಲ್ಲಿ ಇರುತ್ತವೆ, ಒಂದೇ ಮಾತಿನಲ್ಲಿ ಅರ್ಧ ಇದು, ಅರ್ಧ ಅದು. ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ರಾವಸಾಬರಿಗೆ ಮಾತ್ರ ಆಯಿತು.

ನಾನು ಸಾಂಗಲಿಯ ಒಂದು ಸಣ್ಣ ಡಿಸೈನ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಸಕ್ಕರೆ ಕಾರ್ಖಾನೆ, ಹಾಲಿನ ಡೇರಿ, ರಸದ ಕಾರ್ಖಾನೆಗಳಿಗೆ ಬೇಕಾದ ಪೈಪ್‌ಲೈನುಗಳ ನಕ್ಷೆ ತೆಗೆಯುವುದು ನಮ್ಮ ಕೆಲಸ. ನನ್ನ ಹೆಸರು ರೇವಣಸಿದ್ಧ. ಮಿರಜದ ಪೇಟೆಯಲ್ಲಿ ನಮ್ಮ ಮನೆಯವರ ಹಗ್ಗ-ಗೋಣಿಚೀಲದ ಅಂಗಡಿ ಇದೆ. ನನಗೆ ವ್ಯಾಪಾರ ಬರಲಿಲ್ಲ. ಹಗಲು ಟ್ರೇಸಿಂಗ್ ಮಾಡುತ್ತ, ಸಂಜೆ ಕ್ಲಾಸಿಗೆ ಹೋಗುತ್ತ, ನಾಲ್ಕು ವರ್ಷದ ಡಿಪ್ಲೊಮಾವನ್ನು ಆರು ವರ್ಷದಲ್ಲಿ ಮುಗಿಸಿದೆ. ಈಗ ಪ್ರತಿ ನಕ್ಷೆಯ ಮೂಲೆಯ ಚೌಕದಲ್ಲಿ 'ತಪಾಸಿದವರು' ಎಂಬ ಕಡೆ ನನ್ನ ಸಹಿ ಇರುತ್ತದೆ.

ಸಂಜೆ ಕ್ಲಾಸಿನಲ್ಲಿ ಓದಿದವನಿಗೆ ಒಂದು ಅನುಮಾನ ಹೋಗುವುದೇ ಇಲ್ಲ. ಹಗಲು ಕಾಲೇಜಿನವರಿಗೆ ಏನೋ ಒಂದನ್ನು ಹೇಳಿಕೊಟ್ಟಿದ್ದಾರೆ, ನಮಗೆ ಬಿಟ್ಟಿದ್ದಾರೆ ಅನಿಸುತ್ತದೆ. ಅದಕ್ಕೇ ನಾನು ಕೋಡ್ ಪುಸ್ತಕಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಯಾವ ಒತ್ತಡಕ್ಕೆ ಎಷ್ಟು ದಪ್ಪದ ಪೈಪು, ಎಷ್ಟು ದೂರಕ್ಕೊಂದು ಆಧಾರ, ಯಾವ ಜೋಡಣೆಗೆ ಯಾವ ಪರೀಕ್ಷೆ, ಎಲ್ಲಾ ಅದರಲ್ಲಿ ಇರುತ್ತದೆ. ಅದರ ಇಂಗ್ಲಿಷಿನಲ್ಲಿ 'ಶಲ್' ಎಂದು ಬಂದರೆ ಮಾಡಲೇಬೇಕು, 'ಶುಡ್' ಎಂದು ಬಂದರೆ ಮಾಡಿದರೆ ಒಳ್ಳೆಯದು. ಒಂದು ಪದಕ್ಕೆ ಒಂದೇ ಅರ್ಥ. ಅಂಥ ಪುಸ್ತಕ ನನ್ನಂಥ ಅಂಜುಬುರುಕನಿಗೆ ಎಷ್ಟು ಧೈರ್ಯ ಕೊಡುತ್ತದೆಂದು ಹೇಳಲಾರೆ. ಆಫೀಸಿನಲ್ಲೂ ಸೈಟಿನಲ್ಲೂ ನನ್ನ ಹೆಸರು ಕೋಡ್ ಮಾಸ್ತರ ಎಂದಾಯಿತು.

ಆ ಹೆಸರನ್ನು ಇಟ್ಟವರೇ ರಾವಸಾಬರು. ಸಲಗರೆ ಊರಿನವರು. ಮೂವತ್ತು ವರ್ಷದಿಂದ ಪೈಪ್ ಫಿಟ್ಟರ್. ನನಗಿಂತ ಹನ್ನೊಂದು ವರ್ಷ ದೊಡ್ಡವರು.

"ಮಾಸ್ತರ್ರ, ನಿಮ್ಮ ಪುಸ್ತಕದಾಗ ಪಾನಾ ಹೆಂಗ ಹಿಡೀಬೇಕಂತ ಬರದೈತೇನ್ರಿ?" ಎಂದು ಕೈಯಲ್ಲಿದ್ದ ಸ್ಪ್ಯಾನರ್ ಎತ್ತಿ ತೋರಿಸಿ ಕೇಳಿದ್ದರು.

"ಇಲ್ರಿ."

"ಹಂಗಾರ ಅದನ್ನ ನಾ ಹೇಳ್ತೀನಿ, ನೀವು ಬರಕೋರಿ."

ಆಫೀಸಿನ ಸ್ವಂತ ನಿಯಮಾವಳಿಯೊಂದನ್ನು ನಾನು ಬರೆದಾಗಲೂ ಅವರು ನಕ್ಕಿದ್ದರು. ಅದರ ಮೊದಲ ಪುಟದ ನಿಯಮ ಇದು: ಯಾವ ಲೈನನ್ನೂ ಮೇಲಿನದು, ಕೆಳಗಿನದು, ಹಳೆಯದು, ಹೊಸದು ಎಂದು ಕರೆಯತಕ್ಕದ್ದಲ್ಲ, ನಕ್ಷೆಯಲ್ಲಿರುವ ಲೈನ್ ನಂಬರಿನಿಂದಲೇ ಕರೆಯತಕ್ಕದ್ದು.

"ಇದೇನ್ರಿ ಮಾಸ್ತರ್ರ, ಮನ್ಯಾಗ ಹೇಣ್ತಿನ್ನ ಆಧಾರ ನಂಬರ್ ಹಚ್ಚಿ ಕರದಂಗ ಆತಲ್ಲ!" ಅಂದರು. ಆದರೆ ಮರುದಿನದಿಂದ ನಂಬರು ಹೇಳಿಯೇ ಮಾತಾಡತೊಡಗಿದರು. ನಾನೇ ಮರೆಯುತ್ತಿದ್ದೆ, ಅವರು ಮರೆಯುತ್ತಿರಲಿಲ್ಲ.

ಆವತ್ತು ಗುರುವಾರ. ಮಾಲಗಾಂವ ದಾರಿಯಲ್ಲಿರುವ ದ್ರಾಕ್ಷಿ ರಸದ ಕಾರ್ಖಾನೆಗೆ ವಾರದ ರಜೆ. ಅಲ್ಲಿಯ ಕಂಡೆನ್ಸೇಟ್ ಲೈನಿಗೆ ಹೊಸ ಕವಲು ಜೋಡಿಸುವ ಕೆಲಸವಿತ್ತು. ಉಗಿ ತನ್ನ ಶಾಖ ಕೊಟ್ಟು ಮುಗಿಸಿ ನೀರಾಗುತ್ತದಲ್ಲ, ಆ ನೀರು ಮರಳಿ ಬಾಯ್ಲರಿಗೆ ಹೋಗುವ ದಾರಿ ಅದು. ನೀರು ಎನ್ನುತ್ತೇವೆ ಅಷ್ಟೆ. ಒತ್ತಡದಲ್ಲಿ ಇರುವ ತನಕ ನೀರು; ಪೈಪು ಬಿಚ್ಚಿದ ಕ್ಷಣ ಮತ್ತೆ ಉಗಿಯಾಗಿ ಮುಖಕ್ಕೆ ಬರುತ್ತದೆ. ಆದ್ದರಿಂದ ಮೊದಲು ಲೈನ್ ಬಂದ್ ಮಾಡಿ, ಬಸಿದು, ಬಸಿದಾಗಿದೆ ಎಂದು ಕಾಗದದಲ್ಲಿ ಬರೆದುಕೊಡಬೇಕು. ಆ ಕಾಗದ ಇರಲಿಲ್ಲ. ಕಾರ್ಖಾನೆಯವರು ನಮಗೆ ಫೋನಿನಲ್ಲಿ ತಿಳಿಸುತ್ತಿದ್ದರು, ನಾವು ಸೈಟಿಗೆ ತಿಳಿಸುತ್ತಿದ್ದೆವು. ಎರಡು ವರ್ಷದಿಂದ ಹಾಗೇ ನಡೆದಿತ್ತು.

ಆ ಹೊತ್ತಿಗೆ ನಾನು ನಮ್ಮ ಮಾಲಕರಾದ ಅಭಿಜಿತ ಸರ್ ಮುಂದೆ ನಕ್ಷೆ ಹಾಸಿಕೊಂಡು ನಿಂತಿದ್ದೆ. ಅದೇ ಕಾರ್ಖಾನೆಯ ಗೋಡೆಯ ಮೇಲೆ ಒಂದರ ಮೇಲೊಂದು ಎರಡು ಪೈಪು. ಹಳೆಯ ನಕ್ಷೆಯಲ್ಲಿ ಕಂಡೆನ್ಸೇಟ್ ಮೇಲಿತ್ತು, ತಿದ್ದಿದ ನಕ್ಷೆಯಲ್ಲಿ ಕೆಳಗಿತ್ತು. ಸರ್ ಕೇಳಿದರು, "ಕಂಡೆನ್ಸೇಟ್ ಖಾಲೀ ಘೇತಲೀ ನಾ?" ಕೆಳಗೆ ತೆಗೆದುಕೊಂಡೆಯಲ್ಲ ಅಂತ. ನಾನು "ಹೋ ಸರ್, ಖಾಲೀಚ ಆಹೆ" ಅಂದೆ. ಕೆಳಗೇ ಇದೆ ಅಂತ. ಅಷ್ಟರಲ್ಲಿ ಫೋನಿನಲ್ಲಿ ರಾವಸಾಬರ ವಾಯ್ಸ್ ಮೆಸೇಜು ಬಂತು.

"ಮಾಸ್ತರ್ರ, ಹನ್ನೆರಡ ನಂಬರ್ ಲೈನ್, ಕಂಡೆನ್ಸೇಟಿಂದು ಹೆಂಗರಿ?"

ಬಸಿದಿದ್ದಾರೆಯೇ ಎಂದು ಅವರು ಕೇಳಿದ್ದು. ಮೇಲಿದೆಯೋ ಕೆಳಗಿದೆಯೋ ಎಂದು ನಾನು ತಿಳಿದದ್ದು. ಹೆಬ್ಬೆರಳು ಒತ್ತಿ ಹಿಡಿದು ಹೇಳಿದೆ:

"ಕಂಡೆನ್ಸೇಟ್ ಖಾಲಿ ಐತಿ ನೋಡ್ರಿ."

ನಾಲ್ಕು ಸೆಕೆಂಡು. ಲೈನ್ ನಂಬರು ಹೇಳಲಿಲ್ಲ. ಖಾಲಿ ಎಂಬ ಪದ ಸರ್ ಜೊತೆಯ ಮರಾಠಿಯದು, 'ಐತಿ ನೋಡ್ರಿ' ರಾವಸಾಬರ ಕನ್ನಡದ್ದು. ಮೈಕಿನ ಗುರುತು ನೀಲಿಯಾಯಿತು. ಅವರು ಕೇಳಿದರು. ಯಾವಾಗಲೂ 'ಆತ್ರಿ ಮಾಸ್ತರ್ರ' ಎಂದು ಮರುದನಿ ಬರುತ್ತಿತ್ತು, ಆವತ್ತು ಬರಲಿಲ್ಲ. ಹನ್ನೊಂದು ನಿಮಿಷದ ಮೇಲೆ ಅವರ ಗ್ಯಾಂಗಿನ ವೆಲ್ಡರ್ ಓಂಪ್ರಕಾಶನ ಫೋನು ಬಂತು. ಅವನು ಏನು ಹೇಳುತ್ತಿದ್ದಾನೆಂದು ತಿಳಿಯಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹಿಂದೆ ಯಾರೋ ಒಂದೇ ಸಮನೆ ಕೂಗುತ್ತಿದ್ದರು. ಇನ್ನೂ ಬಸಿಯದ ಲೈನನ್ನು ರಾವಸಾಬರು ಬಿಚ್ಚಿದ್ದರು.

ರಾವಸಾಬರು ಮಿರಜದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಎರಡನೇ ದಿನ ನಾನು ಅವರ ವಾರ್ಡಿನ ಬಾಗಿಲವರೆಗೆ ಹೋಗಿದ್ದೆ. ಬಿಳಿ ಬಟ್ಟೆ ಸುತ್ತಿದ ತಲೆ ನನ್ನ ಕಡೆ ಹೊರಳಿತು ಅನಿಸಿತು. ತಿರುಗಿ ಬಂದುಬಿಟ್ಟೆ.

ತಪಾಸಣೆಗೆ ಬಂದ ಸರಕಾರಿ ಅಧಿಕಾರಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಲೈನ್ ಬಿಚ್ಚು ಎಂದು ಯಾರಾದರೂ ಹೇಳಿದ್ದರೇ? ಯಾರೂ ಹೇಳಿರಲಿಲ್ಲ ಅಂದೆ. ಅದು ನಿಜ. ರಾವಸಾಬರ ಫೋನು ಅಂಗಿಯ ಜೇಬಿನಲ್ಲೇ ನೆನೆದು ಸತ್ತುಹೋಗಿತ್ತು. ಅಭಿಜಿತ ಸರ್‌ಗೆ ಮಾತ್ರ ನಾನು ಎಲ್ಲಾ ಹೇಳಿದೆ. ಅವರು ಕೆಟ್ಟವರಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟು, "ತೂ ಚುಕೀಚಂ ಕಾಹೀ ಬೋಲಲಾ ನಾಹೀಸ" ಅಂದರು. ನೀನು ತಪ್ಪೇನೂ ಹೇಳಲಿಲ್ಲ, ಲೈನ್ ಕೆಳಗೇ ಇತ್ತಲ್ಲ ಅಂತ. ಆ ಮಾತನ್ನು ನಾಲ್ಕು ತಿಂಗಳು ತಾಯಿತದ ಹಾಗೆ ಕಟ್ಟಿಕೊಂಡು ತಿರುಗಿದೆ.

ಆದರೆ ಆ ಪದ ನನ್ನನ್ನು ಬಿಡಲಿಲ್ಲ. ಬ್ಯಾಂಕಿನಲ್ಲಿ "ಖಾಲೀ ಸಹೀ ಕರಾ" ಅನ್ನುತ್ತಿದ್ದರು. ಬಸ್ಸಿನಲ್ಲಿ "ಸೀಟ್ ಖಾಲಿ ಐತೇನ್ರಿ?" ಅನ್ನುತ್ತಿದ್ದರು. ಪ್ರತಿ ಸಲವೂ ಅದು ರಾವಸಾಬರ ದನಿಯಲ್ಲೇ ಕೇಳುತ್ತಿತ್ತು, ಕೊನೆಗೆ ಸಣ್ಣದೊಂದು ಪ್ರಶ್ನೆ ಸೇರಿಕೊಂಡು. ಖಾಲಿ ಐತಲ್ರಿ, ಮಾಸ್ತರ್ರ? ಕುಕ್ಕರು ಕೂಗಿದರೆ ನಾನು ಅಡಿಗೆಮನೆ ಬಿಟ್ಟು ಹೊರಗೆ ಬರುತ್ತಿದ್ದೆ. ಒಂದು ದಿನ ನಮ್ಮ ತಾಯಿ ಗಿರಿಜಾಬಾಯಿ ನನ್ನನ್ನು ತಡೆದು ನಿಲ್ಲಿಸಿದಳು.

"ಏನಾಗೈತೋ ತಮ್ಮಾ ನಿನಗ? ಸಿಲಿಂಡರ್ ಖಾಲಿ ಆತು ಅಂದ್ರ ಹೆಣಾ ಕಂಡವರಂಗ ನೋಡ್ತಿ."

ಅವರ ನಂಬರು ಜೀವ ಹಿಡಿದ ಮೇಲೆ ಇದು ಹೆಚ್ಚಾಯಿತು. ದಿನವೂ ಬೆಳಿಗ್ಗೆ ಸ್ವಲ್ಪ ಹೊತ್ತು ಆನ್‌ಲೈನ್. ಒಂದು ದಿನ ನಾನು ನೋಡುತ್ತಿದ್ದಂತೆಯೇ 'ಟೈಪಿಂಗ್' ಎಂದು ಬಂತು. ಸತ್ತವರು ಏನೋ ಬರೆಯುತ್ತಿದ್ದಾರೆ. ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಆಫೀಸಿನಲ್ಲಿ ಹತ್ತು ಜನರ ನಡುವೆ, ಬಿಸಿಲು ಬಿದ್ದ ಮೇಜಿನ ಮುಂದೆ ಕುಳಿತು ನಾನು ಅದನ್ನೇ ಕಾಯುತ್ತಿದ್ದೆ.

ಆವತ್ತೇ ಅಭಿಜಿತ ಸರ್ ಒಂದು ವರದಿ ತಂದು ಮೇಜಿನ ಮೇಲೆ ಇಟ್ಟರು. ಅಪಘಾತದ ಪ್ರಕರಣವನ್ನು ಮುಗಿಸಲಿಕ್ಕೆ ಸರಕಾರಿ ಕಚೇರಿ ನಮ್ಮಿಂದ ಕೇಳಿದ್ದ ಕಾಗದ. ಮರಾಠಿಯಲ್ಲಿ ಇತ್ತು. ಕಾರಣ: ಮೃತ ಕಾಮಗಾರನ ನಿಷ್ಕಾಳಜಿ, ಅಂದರೆ ಅಜಾಗರೂಕತೆ. ಲೈನಿನಲ್ಲಿ ಒತ್ತಡವಿದೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ಬಿಚ್ಚಿದ್ದು. ಕೊನೆಗೆ 'ತಯಾರಿಸಿದವರು' ಎಂದು ನನ್ನ ಹೆಸರು.

"ಸೋಮವಾರೀ ದ್ಯಾಯಚಾಯ," ಅಂದರು. ಸೋಮವಾರ ಕೊಡಬೇಕು.

ಸರ್ ಹೋದ ಮೇಲೆ ಫೋನು ಮಿಣುಕಿತು. ರಾವಸಾಬರ ಫೋಟೋದ ಪಕ್ಕದಲ್ಲಿ ಮರಾಠಿಯ ಮೆಸೇಜು. ಕಾಕಾ, ನಾನು ಪ್ರಣಾಲಿ. ಪಪ್ಪಾ ಅವರ ಮೊಬೈಲ್ ದುರಸ್ತಿ ಆಗಿದೆ. ನಿಮ್ಮ ಆವಾಜು ಕೇಳಿದೆವು. ಆಯಿ ನಿಮ್ಮನ್ನು ಮನೆಗೆ ಕರೆದಿದ್ದಾಳೆ.

ಭಾನುವಾರ ಮಧ್ಯಾಹ್ನ ಸಲಗರೆಗೆ ಹೋದೆ. ಎರಡು ಕೋಣೆಯ ತಗಡಿನ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ರಾವಸಾಬರದು, ಫೋನಿನಲ್ಲಿರುವ ಅದೇ ಹೆಲ್ಮೆಟ್ಟಿನ ಫೋಟೋ ದೊಡ್ಡದಾಗಿ. ಅವರ ಹೆಂಡತಿ ಕಾಡವ್ವ ದ್ರಾಕ್ಷಿ ತೋಟದ ಕೂಲಿಗೆ ಹೋಗುವವಳು. ಮಗಳು ಪ್ರಣಾಲಿ ಮಿರಜದಲ್ಲಿ ಕಾಲೇಜು ಓದುತ್ತಾಳೆ.

"ಕುರ್ಚಿ ಮ್ಯಾಲೆ ಕುಂದ್ರಿ," ಅಂದಳು ಕಾಡವ್ವ.

"ಇಲ್ಲೇ ಕೂಡ್ತೀನಿ ವೈನಿ," ಎಂದು ನೆಲದ ಮೇಲೆ ಕುಳಿತೆ.

ಅವಳು ನೀರು ಕೊಟ್ಟಳು. ನಾನು ಕುಡಿದು ಮುಗಿಸುವವರೆಗೂ ಕಾದಳು. ಆಮೇಲೆ ಮಗಳ ಕಡೆ ನೋಡಿ, "ಹಚ್ಚ" ಅಂದಳು.

ಪ್ರಣಾಲಿ ಬೆರಳು ಒತ್ತಿದಳು. ಆ ಮನೆಯಲ್ಲಿ, ಆ ಫೋಟೋದ ಕೆಳಗೆ ನನ್ನ ದನಿ ಕೇಳಿತು. ಅವಸರದಲ್ಲಿದ್ದ, ಖುಷಿಯಾಗಿಯೇ ಇದ್ದ ಒಬ್ಬ ಮನುಷ್ಯನ ದನಿ. ಕಂಡೆನ್ಸೇಟ್ ಖಾಲಿ ಐತಿ ನೋಡ್ರಿ.

"ಇನ್ನೊಮ್ಮೆ ಹಚ್ಚ."

ಮೂರು ಸಲ ಕೇಳಿಸಿದಳು.

"ನಿಮ್ದ ದನಿ ಹೌದಲ್ರಿ?"

"ಹೌದ್ರಿ."

"ಆಯಿ, ಕಿತೀ ವೇಳಾ ಸಾಂಗೂ ತುಲಾ?" ಪ್ರಣಾಲಿ ಸಿಡುಕಿದಳು, ಎಷ್ಟು ಸಲ ಹೇಳಲಿ ಎಂದು. ಆಮೇಲೆ ನನಗಾಗಿ ತಡವರಿಸುತ್ತ ಕನ್ನಡಕ್ಕೆ ಬಂದಳು. "ಖಾಲೀ ಅಂದ್ರ ಕೆಳಗ. ಕಾಕಾ ಲೈನ್ ಎಲ್ಲಿ ಐತಿ ಅಂತ ಹೇಳ್ಯಾರ. ಪಪ್ಪಾ ಚುಕೂನ... ತಪ್ಪ ಕೇಳ್ಯಾರ. ಅಷ್ಟ."

"ನೀ ಮರಾಠಿ ಸಾಲ್ಯಾಗ ಕಲ್ತಾಕಿ, ನಿನ್ನ ಕಿವಿ ಮರಾಠಿ," ಅಂದಳು ಕಾಡವ್ವ. "ನಿಮ್ಮಪ್ಪನ ಕಿವಿನೂ ನನ್ನ ಕಿವಿನೂ ಒಂದ. ಖಾಲಿ ಐತಿ ಅಂದ್ರ ಖಾಲಿ ಐತಿ." ನನ್ನ ಕಡೆ ತಿರುಗಿದಳು. "ಎಂಟು ದಿನಾ ಆತ್ರಿ, ಇದರ ಸಲುವಾಗಿ ಅವ್ವಾ ಮಗಳು ಒಂದ ಗಂಗಾಳದಾಗ ಉಂಡಿಲ್ಲ. ಕಚೇರಿಯವರು ಅವನ ನಿಷ್ಕಾಳಜಿ ಅಂತ ಬರ್ಕೊಂಡು ಹೋದ್ರು. ತೋಟದಾಗಿನ ಹೆಂಗಸರು ಕುಡದಿದ್ದ ಅಂತಾರ. ಮೂವತ್ತು ವರ್ಷ ಬೋಲ್ಟ್ ಬಿಚ್ಚಿದಾಂವ, ಒಂದ ಬೊಟ್ಟಿಗೆ ಗಾಯಾ ಮಾಡ್ಕೊಂಡಿರಲಿಲ್ಲ. ನೀವು ಸುಳ್ಳ ಹೇಳೀರೋ, ಇಲ್ಲಾ ನನ್ನ ಗಂಡ ಶ್ಯಾಣ್ಯಾ ಇರಲಿಲ್ಲೋ? ಎರಡರಾಗ ಒಂದ ಹೇಳ್ರಿ. ಅದಕ್ಕ ಕರಸೇನಿ."

ಪ್ರಣಾಲಿ ನನ್ನನ್ನೇ ನೋಡುತ್ತಿದ್ದಳು. ಅವಳು ನನಗೆ ಬಾಗಿಲು ತೆರೆದು ಹಿಡಿದಿದ್ದಳು. 'ಹೌದವ್ವಾ, ಕೆಳಗ ಅಂತನ ಹೇಳಿದ್ನಿ' ಎಂದರೆ ಸಾಕಿತ್ತು. ಅದು ಸುಳ್ಳೂ ಅಲ್ಲ. ಆ ಹುಡುಗಿಯ ಮನಸ್ಸಿನಲ್ಲಿ ಅವಳ ಅಪ್ಪ ತಪ್ಪು ಕೇಳಿಸಿಕೊಂಡ ಮನುಷ್ಯನಾಗಿ ಉಳಿಯುತ್ತಿದ್ದರು, ನಾನು ಸಂಜೆಯ ಬಸ್ಸು ಹಿಡಿದು ಮಿರಜಕ್ಕೆ ಹೋಗುತ್ತಿದ್ದೆ.

ನನ್ನ ನಾಲಿಗೆಯ ಮೇಲೆ ಆ ಮಾತು ಬಂದೂ ಇತ್ತು. ಇದನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ಆದರೆ ಬಂದಿತ್ತು. ತಡೆದದ್ದು ಧೈರ್ಯವಲ್ಲ, ಚಟ. ಇಪ್ಪತ್ತು ವರ್ಷ ಬೇರೆಯವರ ನಕ್ಷೆ ತಪಾಸಿ ತಪಾಸಿ ಬಂದ ಚಟ. ಒಂದು ನಕ್ಷೆಯನ್ನು ಎರಡು ರೀತಿ ಓದಲು ಬರುತ್ತದೆಂದರೆ ನಾನು ಎಂದೂ ಸೈಟಿನವನನ್ನು ಬೈದಿಲ್ಲ. ಓದಿದವನದು ತಪ್ಪಲ್ಲ, ಬರೆದವನದು ತಪ್ಪು ಎಂದು ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ ವಾಪಸು ಕಳಿಸಿದ್ದೇನೆ. ಈಗ ನನ್ನ ಮಾತು ನನ್ನ ಮುಂದೆ ಮೂರು ಸಲ ಓದಿಸಿಕೊಂಡಿತ್ತು.

"ನನ್ನ ಮನಸಿನ್ಯಾಗ ಇದ್ದದ್ದು ಕೆಳಗ ಅಂತ," ಅಂದೆ. "ಪ್ರಣಾಲಿ ಹೇಳೂದು ಅಷ್ಟು ಖರೇ. ಆದ್ರ ವೈನಿ, ನಾ ಐತಿ ನೋಡ್ರಿ ಅಂದೇನಿ. ಐತಿ ಅಂದಮ್ಯಾಲೆ ಅದು ಕನ್ನಡ ಆತು. ಕನ್ನಡದಾಗ ಖಾಲಿ ಅಂದ್ರ ಒಂದ ಅರ್ಥ. ರಾವಸಾಬರು ಬರೋಬರಿ ಕೇಳ್ಯಾರ. ಕೇಳಿದ್ದನ್ನ ಬರೋಬರಿ ಮಾಡ್ಯಾರ. ತಪ್ಪು ಹೇಳಿದಾಂವ ನಾನು."

ಪ್ರಣಾಲಿ ಫೋನನ್ನು ಬೋರಲು ಹಾಕಿದಳು. ಮುಖ ಗೋಡೆಗೆ ತಿರುಗಿಸಿ ಅಳತೊಡಗಿದಳು. ಕಾಡವ್ವ ಅಳಲಿಲ್ಲ.

"ಇದನ್ನ ಅವತ್ತ ಯಾಕ ಹೇಳಲಿಲ್ರಿ?"

"ಯಾರೂ ಹಂಗ ಕೇಳಲಿಲ್ಲ..." ಅಂದೆ. ಅದೂ ಅರ್ಧವೇ. "ಅಂಜಿದ್ನಿ ವೈನಿ."

"ಈಗ ಅಂಜಿಕಿ ಹೋತೇನ್ರಿ?"

"ಇಲ್ರಿ."

"ಹಂಗಾರ ಅಂಜಕೋಂತ ಬರೀರಿ," ಅಂದಳು. "ಪ್ರಣೂ, ವಹಿ ತಾ."

ಪ್ರಣಾಲಿ ಮೂಗು ಒರೆಸಿಕೊಳ್ಳುತ್ತ ತನ್ನ ಕಾಲೇಜಿನ ವಹಿಯಿಂದ ಎರಡು ಹಾಳೆ ಹರಿದು ಕೊಟ್ಟಳು. ಸರಕಾರಿ ಕಚೇರಿಗೆ ಮರಾಠಿಯಲ್ಲೇ ಬರೆಯಬೇಕು. ಬರೆದೆ. ಗುರುವಾರ, ಹೊತ್ತು, ಎರಡು ಪೈಪು, ಕಾಗದದ ಪರವಾನಗಿ ಇಲ್ಲದ್ದು, ಲೈನ್ ನಂಬರು ಹೇಳಬೇಕೆಂಬ ನಿಯಮವನ್ನು ಬರೆದವನೂ ಮುರಿದವನೂ ನಾನೇ ಎಂಬುದು. ಆಮೇಲೆ ಆ ಮಾತಿಗೆ ಬಂದು ಪೆನ್ನು ನಿಂತಿತು. ಮರಾಠಿ ಅಕ್ಷರದಲ್ಲಿ ಅದನ್ನು ಬರೆದರೆ ಓದುವವನು ಕೆಳಗೆ ಎಂದೇ ಓದುತ್ತಾನೆ. ನಾನು ಸರಿಯಾಗಿಯೇ ಹೇಳಿದ್ದೆ, ಸತ್ತವನೇ ತಪ್ಪು ಮಾಡಿದ ಎಂದು ಇನ್ನೊಮ್ಮೆ ಆಗುತ್ತದೆ.

"ರಿಕಾಮೀ ಅಂತ ಬರೀರಿ ಕಾಕಾ," ಅಂದಳು ಪ್ರಣಾಲಿ. ಮರಾಠಿಯಲ್ಲಿ ಬರಿದಾದದ್ದಕ್ಕೆ ಅದೇ ಪದ.

"ನಾ ರಿಕಾಮೀ ಅಂದಿಲ್ಲವ್ವಾ."

ಕೊನೆಗೆ ಮರಾಠಿ ಸಾಲಿನ ನಡುವೆ ಆ ನಾಲ್ಕು ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದೆ. ಪ್ರಣಾಲಿ ಬಗ್ಗಿ ನೋಡಿದಳು. ಅವಳಿಗೆ ಓದಲು ಬರಲಿಲ್ಲ, ಅವಳು ಕನ್ನಡ ಬರೆಯಲು ಕಲಿತವಳಲ್ಲ. ಕಾಡವ್ವನಿಗೆ ಯಾವ ಅಕ್ಷರವೂ ಬರುವುದಿಲ್ಲ.

"ಕಚೇರ್ಯಾಗ ಯಾರ ಓದ್ತಾರ ಇದನ್ನ?" ಎಂದು ಕಾಡವ್ವ ಕೇಳಿದಳು.

"ಯಾರಿಗೂ ಬರೂದಿಲ್ರಿ. ನಾನ ಹೋಗಿ ಓದಬೇಕು."

"ನಾನೂ ಬರ್ತೀನಿ," ಅಂದಳು. "ನೀವು ಓದೂದು ನಾ ಕೇಳಬೇಕು."

ಸೋಮವಾರ ಹನ್ನೊಂದು ಗಂಟೆಗೆ ಸಾಂಗಲಿಯ ಆ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದೆವು. ಅಭಿಜಿತ ಸರ್ ಮೂರು ಸಲ ಫೋನು ಮಾಡಿದರು. ಮೂರನೆಯದನ್ನು ಎತ್ತಿ, ವರದಿಗೆ ಸಹಿ ಹಾಕಿಲ್ಲ, ಬೇರೆ ಬರೆದು ತಂದಿದ್ದೇನೆ ಎಂದೆ. "ಉದ್ಯಾಪಾಸೂನ ಯೇಊ ನಕೋಸ" ಅಂದರು. ನಾಳೆಯಿಂದ ಬರಬೇಡ. ಕಾಡವ್ವನಿಗೆ ಅದು ಕೇಳಿಸಿತು. ಅವಳು ನನ್ನ ಕಡೆ ನೋಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೇಳುವ ಕಾರಣವೂ ಇರಲಿಲ್ಲ.

ಒಳಗೆ ಕರೆದರು. ಗುಮಾಸ್ತ ಹಾಳೆಯ ಮೇಲೆ ಬೆರಳು ಓಡಿಸುತ್ತ ಬಂದು ಆ ಜಾಗದಲ್ಲಿ ನಿಂತ. ಇದು ಯಾವ ಅಕ್ಷರ ಎಂದು ಮರಾಠಿಯಲ್ಲಿ ಕೇಳಿದ.

"ಕನ್ನಡ."

"ವಾಚಾ."

ಓದಿದೆ. ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಫ್ಯಾನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಗುಮಾಸ್ತ ಕಿವಿ ಮುಂದೆ ಮಾಡಿದ.

"ಜೋರಾಗಿ ಓದ್ರಿ," ಅಂದಳು ಕಾಡವ್ವ ನನ್ನ ಹಿಂದಿನಿಂದ.

ಜೋರಾಗಿ ಓದಿದೆ. ಹಾಗೆಂದರೇನು ಎಂದು ಗುಮಾಸ್ತ ಕೇಳಿದ. ಮರಾಠಿಯಲ್ಲಿ ಹೇಳಿದೆ: ಒಳಗೆ ಏನೂ ಇಲ್ಲ, ಬಿಚ್ಚಬಹುದು ಎಂದು ಅರ್ಥ, ಕೇಳಿದವನು ಹಾಗೇ ತಿಳಿಯಬೇಕು, ಹಾಗೇ ತಿಳಿದ.

ಅವನು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಳ್ಳಲು ಶುರುಮಾಡಿದ. ಕಾಡವ್ವ ಮೇಜಿನ ಹತ್ತಿರ ಬಂದು ನಿಂತಳು. ಓದಲು ಬರದಿದ್ದರೂ ಅವನ ಕೈ ಆ ಸಾಲಿನ ಕೊನೆ ಮುಟ್ಟುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.